ನೆರಿಗೆಯೊಳಗಿನ ಕಲ್ಲು

ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಒಳ್ಳೆಯ ಹೆಂಗಸು ಅಂದುಕೊಂಡು ನೀವು ಮೋಸ ಹೋಗುವುದು ಬೇಡ. ಆ ಸಣ್ಣ ಹುಡುಗಿಯ ಲಂಗದ ನೆರಿಗೆಗಳಲ್ಲಿ ಹದಿನಾಲ್ಕು ಕಲ್ಲು ಬಚ್ಚಿಟ್ಟು ಹೊಲಿದವಳು ನಾನೇ. ಕೈತಪ್ಪಿ ಆದದ್ದಲ್ಲ. ಕನ್ನಡಕ ಹಾಕಿಕೊಂಡು, ಹುಣಸೆಬೀಜದ ಗಾತ್ರದ ಚಪ್ಪಟೆ ಕಲ್ಲುಗಳನ್ನೇ ಆರಿಸಿ, ಮುಟ್ಟಿದರೂ ಗೊತ್ತಾಗದ ಹಾಗೆ ಒಳಪದರದ ಸಂದಿಯಲ್ಲಿ ಕೂರಿಸಿ ಹೊಲಿದೆ. ಮೂವತ್ತು ವರ್ಷದಿಂದ ಈ ಊರಿಗೆ ಬಟ್ಟೆ ಹೊಲಿಯುತ್ತಿದ್ದೇನೆ. ಅಷ್ಟು ಅಚ್ಚುಕಟ್ಟಾದ ಹೊಲಿಗೆ ನನ್ನ ಕೈಯಿಂದ ಹಿಂದೆಂದೂ ಬಿದ್ದಿರಲಿಲ್ಲ.

ಬಟ್ಟೆಗೆ ಕಲ್ಲು ಹೊಲಿಯುವುದು ನಮ್ಮೂರಿಗೆ ಹೊಸದಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಇಲ್ಲಿ ಹಗುರ ಹೊತ್ತು ಶುರುವಾಗುತ್ತದೆ, ಮೂರಕ್ಕೆ ಮುಗಿಯುತ್ತದೆ. ಅಷ್ಟು ಹೊತ್ತು ಮನುಷ್ಯರು, ಪಾತ್ರೆಗಳು, ಎಮ್ಮೆಗಳು ಎಲ್ಲದರ ಭಾರವೂ ಹೋಗಿ ಒಂದು ಹಿಡಿಯಷ್ಟು ಮಾತ್ರ ಉಳಿಯುತ್ತದೆ. ನಮ್ಮ ಹೊಳೆಯ ಕಲ್ಲುಗಳ ಭಾರವೊಂದು ಹೋಗುವುದಿಲ್ಲ. ಅದಕ್ಕೇ ಸೀರೆ, ಧೋತರ, ಲಂಗ, ಚಡ್ಡಿ ಎಲ್ಲಕ್ಕೂ ಕಲ್ಲಂಚು. ಹುಟ್ಟಿದ ಕೂಸಿಗೆ ಸುತ್ತುವ ದುಪಟಿಗೆ ಒಂದು ಕಲ್ಲು, ಆಮೇಲೆ ವರ್ಷಕ್ಕೊಂದು. ಗಂಡಿನ ಕಡೆಯವರು ಹೆಣ್ಣು ನೋಡಲು ಬಂದರೆ ಮೊದಲು ಕಣ್ಣು ಹಾಯಿಸುವುದು ಸೀರೆಯ ಅಂಚಿಗೆ. ಕಲ್ಲು ಎಣಿಸಿದರೆ ವಯಸ್ಸು ಸಿಕ್ಕಿತು. ಎರಡು ಕಲ್ಲು ಕಡಿಮೆ ಹಾಕು ಎಂದು ಗುಟ್ಟಾಗಿ ಕೇಳಿಕೊಂಡು ಬಂದ ತಾಯಂದಿರ ಹೆಸರು ಹೇಳಿದರೆ ಊರಿನ ಅರ್ಧ ಸಂಸಾರಗಳಲ್ಲಿ ಜಗಳವಾದೀತು. ಹನ್ನೆರಡಾದ ಮೇಲೆ ಕ್ಷೌರದಂಗಡಿಯಲ್ಲಿ ಗಿರಾಕಿಯನ್ನು ಕುರ್ಚಿಗೆ ಕಟ್ಟುತ್ತಾರೆ. ತೊಟ್ಟಿಲ ಮೇಲೆ ಬಲೆ ಹಾಕುತ್ತಾರೆ. ದಪ್ಪ ಜನ ಆ ಮೂರು ತಾಸು ಬೀದಿಯಲ್ಲಿ ಖುಷಿಯಿಂದ ಅಡ್ಡಾಡುತ್ತಾರೆ. ಹೊಳೆಯ ಕಡೆಗೆ ಕಡಿದಾದ ಪ್ರಪಾತ ಇರುವುದರಿಂದ ಯಾರೂ ಗಾಳಿಗೆ ಆಚೆ ತೇಲಿಹೋಗದಿರಲೆಂದು ಹಿರಿಯರು ಅಲ್ಲಿ ಎತ್ತರದ ಗೋಡೆ ಕಟ್ಟಿಸಿದ್ದಾರೆ. ಗೋಡೆಯಿಂದಾಗಿ ನಮಗೆ ಆಚೆಯ ದಂಡೆ ಕಾಣುವುದಿಲ್ಲ.

ನನ್ನ ಅಂಗಡಿ ಆ ಗೋಡೆಯ ಪಕ್ಕದ ಓಣಿಯಲ್ಲಿದೆ. ಕೆಳಗೆ ಹೊಲಿಗೆ ಮಷಿನು, ಮೇಲೆ ಒಂದು ಕೋಣೆ, ಅದರ ಮೇಲೆ ಮಾಳಿಗೆ. ಗಂಡ ಅನ್ನುವವನೊಬ್ಬ ಇದ್ದ. ಒಂದು ಬೆಳಿಗ್ಗೆ ಎಂಟರ ಬಸ್ಸಿಗೆ ಹೋದ. ಹಗುರ ಹೊತ್ತಿನಲ್ಲಿ ಹೋಗಿದ್ದರೆ ಗಾಳಿ ಎತ್ತಿಕೊಂಡು ಹೋಯಿತು ಅಂತಾದರೂ ಹೇಳಿಕೊಳ್ಳಬಹುದಿತ್ತು. ಪುಣ್ಯಾತ್ಮ ಪೂರ್ತಿ ಭಾರ ಇರುವಾಗಲೇ ಕಾಲೂರಿ ನಡೆದುಕೊಂಡು ಹೋದ. ಮಕ್ಕಳಾಗಲಿಲ್ಲ ಅನ್ನುವುದು ಅವನ ಕಾರಣ. ನನಗೂ ಅದೇ ದುಃಖ ಇತ್ತು, ಆದರೆ ನನಗೆ ಹತ್ತಲು ಬಸ್ಸಿರಲಿಲ್ಲ. ಊರ ಮಕ್ಕಳಿಗೆಲ್ಲ ಒಂದನೇ ಕಲ್ಲು ಹೊಲಿಯುವವಳು ನಾನು. ಹೊಲಿದು ಮಡಚಿ ಕೊಟ್ಟ ಮೇಲೆ ಕೈ ಬರಿದಾಗುತ್ತಿತ್ತು.

ಆ ಇಬ್ಬರು ಬಂದದ್ದು ಕಡು ಬೇಸಿಗೆಯಲ್ಲಿ, ಬೆಳಿಗ್ಗೆ, ಹತ್ತಿ ಲಾರಿ ಇಳಿದು. ಇಬ್ಬರಿಗೂ ದೊಡ್ಡವರ ರೇನ್‌ಕೋಟು. ಹಿರಿಯವಳಿಗೆ ಹನ್ನೊಂದಿರಬಹುದು, ಕಿರಿಯವಳಿಗೆ ಆರು. ಹಿರಿಯವಳು ಬಾಗಿಲಲ್ಲಿ ನಿಂತು ಕೈಮುಗಿದು, "ನಮಸ್ಕಾರ. ಈ ಬಟ್ಟೆಯನ್ನು ಹೊಲಿದವರು ಯಾರೆಂದು ತಾವು ತಿಳಿಸಬಲ್ಲಿರಾ?" ಎಂದಳು. ರೇಡಿಯೋದವರು ಬಾಗಿಲಿಗೆ ಬಂದರೇನೋ ಅನ್ನಿಸಿತು.

"ಒಳಗ ಬಾರವಾ. ಈ ಬಿಸಲಾಗ ಇದೇನ್ ರೇನ್‌ಕೋಟು? ಮಳಿ ನಿಮ್ಮ ಸಂಗಡನ ತಂದೀರೇನು?" ಎಂದು ನಕ್ಕೆ. ಅವಳು ನಗಲಿಲ್ಲ. ಕಿರಿಯವಳ ಕೊರಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ನನ್ನ ಮುಂದೆ ಹಿಡಿದಳು.

ಕೂಸಿನ ದುಪಟಿ. ತೊಳೆದು ತೊಳೆದು ಬಣ್ಣ ಹೋಗಿತ್ತು. ಮೂಲೆಯಲ್ಲಿ ಒಂದೇ ಒಂದು ಕಲ್ಲು, ಅದರ ಸುತ್ತ ಎರಡೆಳೆಯ ಅಡ್ಡ ಹೊಲಿಗೆ. ಆ ಹೊಲಿಗೆಯನ್ನು ನಾನಲ್ಲದೆ ಇನ್ಯಾರೂ ಹಾಕುವುದಿಲ್ಲ. ಹಳದಿ ದಾರ ಮುಗಿದು ಕೊನೆಯ ಬೆರಳುದ್ದಕ್ಕೆ ಕೆಂಪು ಹಾಕಿದ್ದೂ ನೆನಪಾಯಿತು. ಆರು ವರ್ಷದ ಹಿಂದೆ ನೀಲವ್ವನ ಚೊಚ್ಚಲ ಕೂಸಿಗೆಂದು ಹೊಲಿದದ್ದು.

ನೀಲವ್ವನ ಕಥೆ ಊರಿಗೆಲ್ಲ ಗೊತ್ತಿರುವುದೇ. ಆ ವರ್ಷ ಬಿಳಿ ವ್ಯಾನಿನಲ್ಲಿ ಸಂಸ್ಥೆಯವರು ಅಂತ ಯಾರೋ ಬಂದಿದ್ದರು. ಬಸುರಿಯರಿಗೆ ಪುಕ್ಕಟೆ ಸೂಜಿ, ಪುಕ್ಕಟೆ ಔಷಧ. ನೀಲವ್ವನಿಗೆ ಹುಟ್ಟಿದ ಹೆಣ್ಣುಕೂಸಿನ ಬೆನ್ನ ಮೇಲೆ ಎರಡು ಮೊಳಕೆ ಇದ್ದವು. ಸಂಸ್ಥೆಯವರು ಮೂರನೇ ದಿನವೇ ಬಂದು, ಇದಕ್ಕೆ ನಮ್ಮಲ್ಲಿ ಚಿಕಿತ್ಸೆ ಇದೆ ಎಂದು ಕೂಸನ್ನು ದುಪಟಿಯ ಸಮೇತ ಎತ್ತಿಕೊಂಡು ಹೋದರು. ತಿಂಗಳ ಮೇಲೆ ಒಂದು ಕಾಗದ ಬಂತು, ಕೂಸು ಉಳಿಯಲಿಲ್ಲ ಎಂದು. ನೀಲವ್ವ ನಂಬಲಿಲ್ಲ. ಎರಡು ವರ್ಷ ಗಂಡ ಈರಪ್ಪನ ಜೊತೆ ಊರೂರು ಅಲೆದಳು. ಕೊನೆಗೆ ಸೋತು, ಹಗುರ ಹೊತ್ತಿನಲ್ಲಿ ತನ್ನ ಕೈ ಬರಿದಾಗಿರುವುದು ಹೆಚ್ಚು ಗೊತ್ತಾಗುತ್ತದೆ, ಮಧ್ಯಾಹ್ನವೂ ಭಾರ ಇರುವ ಜಾಗದಲ್ಲಿ ತನ್ನನ್ನು ಇಡು ಎಂದು ಗಂಡನಿಗೆ ಹೇಳಿ, ಅವನೊಂದಿಗೆ ಹೊಳೆಯಾಚೆಯ ಇಟ್ಟಿಗೆ ಭಟ್ಟಿಗೆ ಹೋಗಿ ನೆಲೆಸಿದಳು. ಆಚೆ ದಂಡೆಗೆ ಹಗುರ ಹೊತ್ತು ಇಲ್ಲ. ಸೇತುವೆಯೂ ಇಲ್ಲ, ಸುತ್ತು ರಸ್ತೆಯಲ್ಲಿ ಬಸ್ಸಿಗೆ ಎರಡು ದಿನ.

ಅಷ್ಟೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದೇ ಹೊತ್ತಿಗೆ ಕಿರಿಯವಳು ಹಸಿವು ತಾಳಲಾರದೆ ಮಷಿನಿನ ಮೇಲಿದ್ದ ನನ್ನ ಅರ್ಧ ರೊಟ್ಟಿಗೆ ಕೈ ಚಾಚಿ, ಕದಿಯಬಾರದೆಂದು ನೆನಪಾಗಿ, ಕೈ ಹಿಂದಕ್ಕೆ ಎಳೆದುಕೊಂಡಳು. ಒಂದು ಊಟ ಹಾಕಿ ಹೇಳೋಣ ಅಂದುಕೊಂಡೆ. ಊಟವಾದ ಮೇಲೆ ಒಂದು ನಿದ್ದೆ ಮಾಡಲಿ ಅಂದುಕೊಂಡೆ. ಆಮೇಲೆ ಹಿರಿಯವಳು ಮತ್ತೆ ಕೇಳಿದಾಗ ನನ್ನ ಬಾಯಿಂದ ಬಂದದ್ದು ಇಷ್ಟು: "ಇದು ಹಳೇ ಟೇಲರ್‌ದು ಇರಬೇಕವಾ. ಅಂವ ಸತ್ತು ನಾಕು ವರ್ಷ ಆತು. ಯಾರಿಗೆ ಹೊಲದಿದ್ನೋ ಏನೋ."

ಅವಳು ದುಪಟಿಯನ್ನು ಮಡಚಿ ಮತ್ತೆ ಕಿರಿಯವಳ ಕೊರಳಿಗೆ ಸುತ್ತಿದಳು. ಅವಳ ಮುಖ ನೋಡಲಾಗದೆ ನಾನು ಮಷಿನಿಗೆ ಎಣ್ಣೆ ಬಿಡತೊಡಗಿದೆ.

ರೇನ್‌ಕೋಟು ತೆಗೆದಾಗ ರೆಕ್ಕೆ ಕಂಡವು. ಹಿರಿಯವಳದು ಬೂದಿ ಬಣ್ಣ, ಮಡಚಿದರೆ ಮೊಣಕಾಲಿನವರೆಗೆ. ಕಿರಿಯವಳದು ಬಿಳಿ, ಇನ್ನೂ ಪೂರ್ತಿ ಗರಿ ಬಂದಿರಲಿಲ್ಲ. "ನಮ್ಮ ವಂಶವಾಹಿಗಳನ್ನು ಬದಲಾಯಿಸಲಾಗಿದೆ," ಎಂದು ಹಿರಿಯವಳು ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. "ಆದರೆ ಪ್ರಯೋಗ ಯಶಸ್ವಿಯಾಗಲಿಲ್ಲ. ನಾವು ಹಾರುವುದಿಲ್ಲ. ಮೇಲಿನಿಂದ ಬಿಟ್ಟರೆ ಜಾರಿ ಇಳಿಯುತ್ತೇವೆ, ಅಷ್ಟೇ." ಸಂಸ್ಥೆಯಲ್ಲಿ ಅವರಿಗೆ ಹೆಸರಿರಲಿಲ್ಲ. ಹಿರಿಯವಳ ಸಂಖ್ಯೆ ನಾಲ್ಕು, ಕಿರಿಯವಳದು ಹದಿನೇಳು. ಹಿರಿಯವಳಿಗೆ ತನ್ನದೆನ್ನುವ ಗುರುತು ಒಂದೂ ಇರಲಿಲ್ಲ. ಉಗ್ರಾಣದಲ್ಲಿ ಕಿರಿಯವಳ ಸಂಖ್ಯೆ ಬರೆದ ಚೀಲದಲ್ಲಿ ಈ ದುಪಟಿ ಸಿಕ್ಕಿತ್ತು, ಯಾರೋ ಲಾರಿಯವನು ಕಲ್ಲಂಚು ನೋಡಿ ನಮ್ಮೂರ ಗುರುತು ಹೇಳಿದ್ದ. ಒಂದು ದುಪಟಿ ಹಿಡಿದು ಇಬ್ಬರೂ ಸಂಸ್ಥೆಯಿಂದ ತಪ್ಪಿಸಿಕೊಂಡು ಬಂದಿದ್ದರು. ನಾನು ಕರೆಯಲು ಒಂದೊಂದು ಹೆಸರು ಇಟ್ಟುಕೊಳ್ಳಲೇ ಎಂದು ಕೇಳಿದೆ. "ಬೇಡ. ನಮ್ಮ ತಂದೆತಾಯಿ ಹೆಸರು ಇಟ್ಟಿರುತ್ತಾರೆ," ಎಂದಳು. ಕೊನೆಗೆ ದೊಡ್ಡಾಕಿ, ಸಣ್ಣಾಕಿ ಎಂದೇ ಕರೆದೆ.

ಆವತ್ತು ಹನ್ನೆರಡಕ್ಕೆ ದೊಡ್ಡಾಕಿ ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದಳು. ಅವಳಿಗೆ ಕಲ್ಲು ಕೊಡುವುದನ್ನು ನಾನು ಮರೆತಿದ್ದೆ. ಅಯ್ಯೋ ಎಂದು ಓಡಿ ಹೋಗಿ ನೋಡಿದರೆ ಅವಳು ಆಳೆತ್ತರದಲ್ಲಿದ್ದಾಳೆ, ಕೈಯಲ್ಲಿ ಒದ್ದೆ ಟವೆಲು. ಒಮ್ಮೆ ರೆಕ್ಕೆ ಬಡಿದಳು. ಇನ್ನಷ್ಟು ಮೇಲೆ ಹೋದಳು. ಅಷ್ಟು ಹೊತ್ತಿನವರೆಗೆ ಒಮ್ಮೆಯೂ ನಗದವಳು ಬಾಯಿ ತುಂಬ ನಕ್ಕಳು. "ಹದಿನೇಳು! ಬಾ ಇಲ್ಲಿ! ಬಾರೇ!" ಎಂದು ಕೂಗಿದಳು. ಆ ಬಾರೇ ಅನ್ನುವುದು ಯಾವ ಪುಸ್ತಕದ್ದೂ ಆಗಿರಲಿಲ್ಲ. ಸಣ್ಣಾಕಿ ನನ್ನ ಸೆರಗು ಬಿಟ್ಟು ಓಡಿದಳು, ಎರಡು ಹೆಜ್ಜೆಗೇ ಅವಳ ಕಾಲೂ ನೆಲ ಬಿಟ್ಟಿತು.

ಸಂಜೆ ದೊಡ್ಡಾಕಿ ತನ್ನ ಲೆಕ್ಕಾಚಾರ ಹೇಳಿದಳು. ರಸ್ತೆಯ ನಾಕೆಗಳಲ್ಲೆಲ್ಲ ಸಂಸ್ಥೆಯವರ ಕಾವಲು. ಆದರೆ ಹಗುರ ಹೊತ್ತಿನಲ್ಲಿ ಗೋಡೆಯ ಮೂರರಷ್ಟು ಎತ್ತರ ಏರಿದರೆ ಅಲ್ಲಿಂದ ಜಾರಿ ಹೊಳೆ ದಾಟಿ ಆಚೆ ಇಳಿಯಬಹುದು. ಅಲ್ಲಿಂದ ಮುಂದೆ ಊರಿಂದೂರಿಗೆ ಕೇಳಿಕೊಂಡು ಹೋಗುವುದು. ಸಣ್ಣಾಕಿಯ ರೆಕ್ಕೆಗೆ ಇನ್ನೂ ಬಲ ಸಾಲದು, ನಾಲ್ಕು ದಿನ ಅಭ್ಯಾಸ ಬೇಕು. "ಅಲ್ಲಿಯವರೆಗೆ ನಾವು ಇಲ್ಲಿ ಇರಬಹುದೇ?" ಎಂದು ಕೇಳಿದಳು. ಇರ್ರಿ ಎಂದೆ. ಊರವರನ್ನು ಯಾರನ್ನೂ ಕೇಳಬೇಡಿ, ಸಂಸ್ಥೆಯವರ ಕಿವಿಗೆ ಬೀಳುತ್ತದೆ ಎಂದೂ ಹೇಳಿದೆ. ಅದರಲ್ಲಿ ಅರ್ಧ ನಿಜವಿತ್ತು.

ನಾಲ್ಕು ದಿನ ಸಾಕಿತ್ತು. ಮೂರನೇ ದಿನವೇ ಸಣ್ಣಾಕಿ ಗೋಡೆಯ ತುದಿ ಮುಟ್ಟಿ ಬಂದಿದ್ದಳು. ನಾಲ್ಕನೇ ದಿನ ಅವಳಿಗೆ ಜ್ವರ ಬಂತು. ಮಧ್ಯಾಹ್ನ ದೊಡ್ಡಾಕಿ ಮೇಲೆ ಒಬ್ಬಳೇ ಗಾಳಿ ನೋಡುತ್ತಿದ್ದಳು. ನಾನು ಒದ್ದೆ ಬಟ್ಟೆ ಹಣೆಗೆ ಹಾಕುತ್ತ ಕೂತಿದ್ದೆ. ಸಣ್ಣಾಕಿ ಕಣ್ಣು ಮುಚ್ಚಿಕೊಂಡೇ "ಅವ್ವಾ" ಎಂದಳು. ಎಚ್ಚರವಿದ್ದಾಗ ಅವಳು ನನ್ನನ್ನು ಅತ್ತಿ ಎನ್ನುತ್ತಿದ್ದಳು. ಅವ್ವ ಅಂತ ಒಬ್ಬರನ್ನೇ ಕರೆಯಬೇಕೆಂದು ದೊಡ್ಡಾಕಿಯ ಕಟ್ಟಪ್ಪಣೆ. ನಾನು ಏನು ಹೇಳಬೇಕಿತ್ತು? ಅತ್ತಿ ಇದ್ದೀನವಾ ಅಂತ. ನಾನು "ಹೂಂ, ಇಲ್ಲೇ ಅದೀನಿ" ಎಂದೆ. ಅವಳು ನನ್ನ ಕೈ ಹಿಡಿದುಕೊಂಡು ಮಲಗಿದಳು.

ಜ್ವರ ಬಿಡುವ ಹೊತ್ತಿಗೆ ಅವಳಿಗೊಂದು ಹೊಸ ಲಂಗ ಹೊಲಿದಿದ್ದೆ. ಅಂಚಿನಲ್ಲಿ ಕಲ್ಲು ಹಾಕಿದರೆ ದೊಡ್ಡಾಕಿ ಹಲ್ಲಿನಿಂದಲೇ ದಾರ ಕಚ್ಚಿ ಕಿತ್ತುಹಾಕುತ್ತಾಳೆ, ತನ್ನದನ್ನು ಹಾಗೆಯೇ ಕಿತ್ತಿದ್ದಳು. ಅದಕ್ಕೇ ನೆರಿಗೆಯಲ್ಲಿ ಇಟ್ಟೆ. ಮೊದಲ ದಿನ ನಾಲ್ಕು. ಸಣ್ಣಾಕಿ ಗೋಡೆಯ ಅರ್ಧಕ್ಕೆ ನಿಂತಳು. ಜ್ವರದ ಸುಸ್ತು ಎಂದಳು ದೊಡ್ಡಾಕಿ. ವಾರ ಕಳೆದು ಲಂಗ ಒಗೆದಾಗ ಇನ್ನೊಂದು ಐದು. ಅವಳು ಮಾಳಿಗೆಯ ಕಟ್ಟೆಯ ಮೇಲಕ್ಕೆ ಹೋಗಲಿಲ್ಲ. ನಾನು ಮನಸ್ಸಿಗೆ ಹೇಳಿಕೊಂಡದ್ದು, ಇದು ತಡೆಯುವುದಲ್ಲ, ಸ್ವಲ್ಪ ತಡ ಮಾಡುವುದು ಎಂದು. ಬೆಳಿಗ್ಗೆ ಎದ್ದರೆ ಎರಡು ಜಡೆ ಹಾಕುವ ಕೆಲಸ, ರೆಕ್ಕೆಯ ಬುಡಕ್ಕೆ ಎಣ್ಣೆ ತಿಕ್ಕುವ ಕೆಲಸ, ರೊಟ್ಟಿ ಬಡಿಯುವಾಗ ಬೆನ್ನಿಗೆ ಒರಗಿ ಕೂತವಳ ಬಿಸಿ. ಇನ್ನೊಂದು ದಿನ, ಇನ್ನೊಂದೇ ದಿನ ಅಂತ ಜೀವ ಕೇಳುತ್ತಿತ್ತು. ದೊಡ್ಡಾಕಿಯ ಮೇಲೂ ಆಸೆ ಇತ್ತು ನನಗೆ, ಸುಳ್ಳು ಯಾಕೆ ಹೇಳಲಿ. ಅವಳು ಬೆನ್ನು ಮುಟ್ಟಗೊಡುತ್ತಿರಲಿಲ್ಲ, ಆದರೂ ಸಂಜೆ ನನ್ನ ಎದುರು ಕೂತು ಗುಂಡಿಗೆ ಕಾಜಾ ಹೊಲಿಯುವುದನ್ನು ಕಲಿಯುತ್ತಿದ್ದಳು. ತಪ್ಪಾದರೆ "ಕ್ಷಮಿಸಿ" ಎನ್ನುತ್ತಿದ್ದಳು.

ಹಾರುವುದೆಲ್ಲ ಮಾಳಿಗೆಯ ಹಿಂಬದಿ, ಗೋಡೆಗೆ ಹತ್ತಿಕೊಂಡೇ ಆದ್ದರಿಂದ ಓಣಿಗೆ ಕಾಣುತ್ತಿರಲಿಲ್ಲ. ನಮ್ಮ ಗುಟ್ಟು ಗೊತ್ತಿದ್ದವನು ಒಬ್ಬನೇ, ಎದುರಿನ ಖಾನಾವಳಿಯ ಗುರುಸಿದ್ದಪ್ಪ. ಊರಿನಲ್ಲೇ ದಪ್ಪ ಮನುಷ್ಯ, ಹಗುರ ಹೊತ್ತಿಗಾಗಿಯೇ ಬದುಕಿರುವವನು. ಮಕ್ಕಳಿಗೆ ಹೋಳಿಗೆ ತಂದುಕೊಡುತ್ತಿದ್ದ. ಒಂದು ದಿನ ಸಣ್ಣಾಕಿಯನ್ನು ನೋಡುತ್ತ ನಿಂತು, "ಪಾರವ್ವಾ, ಈ ಕೂಸಿನ ಮಾರಿ ನೋಡಿದ್ರ ಯಾರೋ ನೆನಪ ಆಗ್ತಾರ ನೋಡು," ಎಂದ.

"ನಿನಗ ಹೋಳಿಗಿ ಬಿಟ್ಟು ಬ್ಯಾರೆ ಏನರ ನೆನಪ ಇರತೈತೇನು? ಹೋಗು, ಅನ್ನ ಸೀದೀತು," ಎಂದು ಅವನನ್ನು ಸಾಗಹಾಕಿದೆ.

ಹದಿನಾಲ್ಕನೇ ಕಲ್ಲು ಹಾಕಿದ ಮೇಲೆ ಸಣ್ಣಾಕಿ ನೆಲ ಬಿಡಲೇ ಇಲ್ಲ. ರೆಕ್ಕೆ ಬಡಿದು ಬಡಿದು ಎರಡು ಗರಿ ಉದುರಿದವು. ಕೆಳಗೆ ಬಂದು ನನ್ನ ತೊಡೆಯ ಮೇಲೆ ಮುಖ ಇಟ್ಟು, "ಅತ್ತಿ, ನನ್ನ ರೆಕ್ಕಿ ಕೆಟ್ಟು ಹೋಗ್ಯಾವ. ಅಕ್ಕಗ ಹೇಳಬ್ಯಾಡ," ಎಂದು ಅತ್ತಳು. ಅಷ್ಟರಲ್ಲಿ ಅವಳಿಗೆ ನಮ್ಮ ಮಾತು ಪೂರ್ತಿ ಹತ್ತಿತ್ತು. ಅವಳ ತಲೆ ಸವರುತ್ತ ನಾನೂ ಅತ್ತೆ. ನನ್ನ ಕಣ್ಣೀರಿಗೆ ಯಾವ ಬೆಲೆಯೂ ಇರಲಿಲ್ಲ, ಕತ್ತರಿ ಕೈಗೆಟಕುವಷ್ಟರಲ್ಲೇ ಇತ್ತು. ಅಂದು ನಾನು ಅದನ್ನು ಮುಟ್ಟಲಿಲ್ಲ.

ಬಿಳಿ ವ್ಯಾನು ಬಂದದ್ದು ಅದರ ಮಾರನೆಯ ದಿನ, ಹನ್ನೊಂದೂವರೆಗೆ. ನಾಲ್ಕು ಜನ ಇಳಿದರು. ಎರಡು ಫೋಟೋ ಹಿಡಿದು ಓಣಿಯ ತುದಿಯಿಂದ ಮನೆಮನೆ ಕೇಳಿಕೊಂಡು ಬಂದರು. ಗುರುಸಿದ್ದಪ್ಪ ಬಾಗಿಲಲ್ಲಿ ನಿಂತು ನಡು ಬಗ್ಗಿಸಿ ಕರೆದ: "ಬರ್ರಿ ಸಾಹೇಬ್ರ, ಬಿಸಲಾಗ ದಣದೀರಿ. ಊಟ ಮುಗಿಸಿ ಹುಡುಕ್ರಿ, ಹುಡುಗ್ರು ಎಲ್ಲಿ ಹೋಗ್ತಾವ?" ಪರವೂರಿನವರು ಬಂದರೆ ಖಾನಾವಳಿಯಲ್ಲಿ ಮೊದಲು ಕಲ್ಲಿನ ನಡುಪಟ್ಟಿ ಕೊಡುವುದು ರೂಢಿ, ಆಮೇಲೆ ಎಲೆ. ಬಾಗಿಲ ಹಿಂದೆ ಎಂಟು ಪಟ್ಟಿ ತೂಗುಹಾಕಿರುತ್ತಾನೆ. ಅವತ್ತು ಅವನು ಎಲೆ ಹಾಕಿದ, ಪಟ್ಟಿ ಕೊಡಲಿಲ್ಲ. ಹನ್ನೆರಡು ಹೊಡೆಯುವ ಹೊತ್ತಿಗೆ ಸಾಂಬಾರಿನ ಮೇಲೆ ಸಾಂಬಾರು ಬಡಿಸುತ್ತಿದ್ದ.

ಐದು ನಿಮಿಷಕ್ಕೆ ನನ್ನ ಮೆಟ್ಟಿಲು ಹತ್ತಿ ಬಂದ, ನಗು ತಡೆಯಲಾರದೆ, ಹೆದರಿಕೆಯನ್ನೂ ತಡೆಯಲಾರದೆ. "ನಾಕೂ ಮಂದಿ ಜಂತಿಗೆ ಹತ್ಯಾರ, ಪಾರವ್ವಾ. ಒಬ್ಬಂವ ಫ್ಯಾನ್ ಹಿಡಕೊಂಡಾನ. ಆದ್ರ ವ್ಯಾನಿನಾಗ ಇನ್ನೊಬ್ಬ ಅದಾನ, ಅಂವ ಬಂದು ಬಿಡಸ್ತಾನ. ಏನ್ ಮಾಡತಿ ಈಗ ಮಾಡು."

ಮಾಳಿಗೆಯ ಮೇಲೆ ದೊಡ್ಡಾಕಿ ಆಗಲೇ ರೆಕ್ಕೆ ಬಿಚ್ಚಿ ನಿಂತಿದ್ದಳು. ಸಣ್ಣಾಕಿಯ ಕೈ ಹಿಡಿದು ಎಳೆಯುತ್ತಿದ್ದಳು. ಒಂದು ಮೊಳ ಎದ್ದು ಇಬ್ಬರೂ ಕುಸಿದರು.

"ನೀ ಹೋಗಕ್ಕಾ," ಎಂದಳು ಸಣ್ಣಾಕಿ. "ನನ್ನ ರೆಕ್ಕಿ ಕೆಟ್ಟಾವ."

"ನಿನ್ನ ಬಿಟ್ಟು ನಾನು ಹೋಗುವುದಿಲ್ಲ. ಮತ್ತೊಮ್ಮೆ. ಬಲವಾಗಿ ಬಡಿ."

"ಆಗವಲ್ದು ಅಕ್ಕಾ!"

ನಾನು ಕತ್ತರಿ ತೆಗೆದುಕೊಂಡು ಅವಳ ಮುಂದೆ ಮೊಣಕಾಲೂರಿದೆ. ಒಂದೊಂದೇ ನೆರಿಗೆ ಸೀಳಿದೆ. ಕಲ್ಲುಗಳು ಟಕ್ ಟಕ್ ಎಂದು ಗಚ್ಚಿನ ಮೇಲೆ ಬಿದ್ದವು. ಹದಿನಾಲ್ಕನೆಯದೂ ಬಿತ್ತು. ಸಣ್ಣಾಕಿಯ ಕಾಲು ತಾನಾಗಿಯೇ ನೆಲ ಬಿಟ್ಟಿತು. ಅವಳು ಖುಷಿಯಿಂದ ಕಿರುಚಿದಳು, ತನ್ನ ರೆಕ್ಕೆಯನ್ನೇ ತಿರುಗಿ ತಿರುಗಿ ನೋಡಿಕೊಂಡಳು. ದೊಡ್ಡಾಕಿ ನನ್ನನ್ನು ನೋಡುತ್ತಿದ್ದಳು.

"ನೀವು ಯಾಕೆ ಹೀಗೆ ಮಾಡಿದಿರಿ?"

"ನೀವು ಹೋಗಬಾರದು ಅಂತ," ಎಂದೆ. ಬೇರೆ ಮಾತು ಹುಡುಕಲಿಲ್ಲ. "ಇನ್ನೊಂದು ಐತವಾ, ಅದನ್ನೂ ಕೇಳು. ಆ ದುಪಟಿ ಹೊಲದಾಕಿ ನಾನ. ಮೊದಲ್ನೇ ದಿನಾನ ಗುರತ ಹಿಡದೆ. ಇಕಿ ಅವ್ವ ನೀಲವ್ವ. ಅಪ್ಪ ಈರಪ್ಪ. ಇಬ್ರೂ ಆಚಿ ದಂಡಿ ಮ್ಯಾಗ ಇಟ್ಟಂಗಿ ಭಟ್ಟಿಯಾಗ ಅದಾರ. ಹೊಗಿ ಕಾಣೂ ಕಡೆ ಇಳೀರಿ."

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬಹಳ ಮೆಲ್ಲಗೆ, "ನನ್ನವರು?" ಎಂದು ಕೇಳಿದಳು.

"ನಿನ್ನವ್ರು ಯಾರೋ ನನಗ ಗೊತ್ತಿಲ್ಲವಾ. ಖರೇ ಗೊತ್ತಿಲ್ಲ. ಗೊತ್ತಿದ್ರ ಹೇಳತಿದ್ದೆ."

ಹೇಳುತ್ತಿದ್ದೆ ಎಂಬುದನ್ನು ನಂಬಲು ನಾನು ಅವಳಿಗೆ ಯಾವ ಕಾರಣವನ್ನೂ ಕೊಟ್ಟಿರಲಿಲ್ಲ. ಆದರೂ ಅವಳು ತಲೆಯಾಡಿಸಿದಳು. "ಸರಿ. ಮೊದಲು ಇವಳದು ಆಗಲಿ," ಎಂದು ಸಣ್ಣಾಕಿಯ ಕೊರಳಿನ ದುಪಟಿಯ ಗಂಟನ್ನು ಬಿಗಿ ಮಾಡಿದಳು.

ನನ್ನಿಂದ ತಡೆಯಲಾಗಲಿಲ್ಲ. "ಆಕೀನ ಮುಟ್ಟಿಸಿ ನೀ ಹೊಳ್ಳಿ ಬಾ. ನಿನಗ ಯಾರಿಲ್ಲ ಅಂತ ತಿಳಕೋಬ್ಯಾಡ. ನಾ ಇಲ್ಲೇ ಇರ್ತೀನಿ. ಈ ಮನಿ ನಿಂದು," ಎಂದು ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಬರುತ್ತೇನೆಂದೂ ಹೇಳಲಿಲ್ಲ. ಸಣ್ಣಾಕಿ ಗಾಳಿಯಲ್ಲೇ ಬಗ್ಗಿ ನನ್ನ ಕೆನ್ನೆಗೆ ಕೆನ್ನೆ ಒತ್ತಿ, "ಅತ್ತಿ, ನೀನೂ ಬಾ," ಎಂದಳು. ಕೆಳಗೆ ಓಣಿಯಲ್ಲಿ ಯಾರೋ ಕೂಗಾಡುವುದು ಕೇಳಿಸಿತು. ದೊಡ್ಡಾಕಿ ಅವಳ ಕೈ ಹಿಡಿದು ಎದ್ದಳು.

ಅವರು ಗೋಡೆ ದಾಟಿದರು. ಇನ್ನೂ ಏರಿದರು, ಗೋಡೆಯ ಎರಡರಷ್ಟು, ಮೂರರಷ್ಟು. ಆಮೇಲೆ ರೆಕ್ಕೆ ಅಗಲಿಸಿ ಆಚೆಗೆ ಜಾರಿದರು, ಗೋಡೆಯ ಮರೆಯಾದರು. ಅಷ್ಟೇ. ಅತ್ತ ಏನಾಯಿತೋ ನನಗೆ ಕಾಣುವಂತಿರಲಿಲ್ಲ. ಹೊಳೆಯ ಮಧ್ಯದಿಂದಾಚೆ ಪೂರ್ತಿ ಭಾರ ಬರುತ್ತದೆ. ಎರಡು ಗರಿ ಉದುರಿದ ರೆಕ್ಕೆ ಸಣ್ಣಾಕಿಯದು, ಉದುರಿಸಿದವಳು ನಾನು.

ನಮ್ಮೂರಿನಲ್ಲಿ ದೊಡ್ಡವರು ಹಗುರ ಹೊತ್ತಿನಲ್ಲಿ ಕಲ್ಲು ಬಿಚ್ಚುವುದಿಲ್ಲ. ಅದು ಮಾನದ ಪ್ರಶ್ನೆ, ಜೀವದ ಪ್ರಶ್ನೆಯೂ ಹೌದು. ನಾನು ಸೀರೆಯ ಅಂಚಿಗೆ ಕತ್ತರಿ ಹಾಕಿ ಒಂದೇ ಎಳೆತಕ್ಕೆ ಸುತ್ತ ಕತ್ತರಿಸಿಬಿಟ್ಟೆ. ಐವತ್ತೆರಡು ಕಲ್ಲೂ ಅಂಚಿನ ಸಮೇತ ಕೆಳಗೆ ಬಿದ್ದವು. ಬಟ್ಟೆ ಹರವುವ ಹಗ್ಗದ ಒಂದು ತುದಿಯನ್ನು ನಡುವಿಗೆ ಸುತ್ತಿ ಇನ್ನೊಂದನ್ನು ಗುರುಸಿದ್ದಪ್ಪನ ಕೈಗೆ ಕೊಟ್ಟೆ.

"ಏ, ತಲಿ ಕೆಟ್ಟೈತೇನ ನಿನಗ?"

"ಹಿಡಿ ಅಂದ್ರ ಹಿಡಿ. ನಾ ನೋಡಬೇಕು."

ನೆಲವನ್ನು ಒದ್ದೆ. ಮಾಳಿಗೆ ಕೆಳಗೆ ಹೋಯಿತು. ಓಣಿಯ ಹೆಂಗಸರು ಬಾಯಿ ಬಿಟ್ಟು ನೋಡುವುದು ಕಾಣಿಸಿತು. ವ್ಯಾನಿನವನೊಬ್ಬ ಖಾನಾವಳಿಯ ಬಾಗಿಲ ಚೌಕಟ್ಟಿಗೆ ಜೋತು ಬಿದ್ದು ತನ್ನವರನ್ನು ಕಾಲು ಹಿಡಿದು ಎಳೆಯುತ್ತಿದ್ದ. ಗೋಡೆಯ ತಲೆ ನನ್ನ ಕಾಲ ಕೆಳಗಾಯಿತು. ಐವತ್ತೆರಡು ವರ್ಷದಲ್ಲಿ ಮೊದಲ ಸಲ ಹೊಳೆಯನ್ನು ಈ ದಂಡೆಯಿಂದ ಆ ದಂಡೆಯವರೆಗೆ ಕಂಡೆ. ಅದರಾಚೆ ಹೊಗೆ, ಇಟ್ಟಿಗೆ ಹರವಿದ ಬಯಲು, ಓಡಿ ಬರುತ್ತಿರುವ ಜನ. ಬಯಲಿನ ನಡುವೆ ಬಿಳಿಯದೊಂದು, ಬೂದಿ ಬಣ್ಣದ್ದೊಂದು. ಆಚೆ ದಂಡೆ ಮುಟ್ಟಿದ್ದವು.

ಓಡಿ ಬಂದವರೆಲ್ಲ ದೂರದಲ್ಲೇ ನಿಂತರು, ಒಬ್ಬಳನ್ನು ಬಿಟ್ಟು. ಅಷ್ಟು ದೂರದಿಂದ ಮುಖ ಕಾಣದಿದ್ದರೇನು, ನಾನು ದರ್ಜಿ. ಬಲಭುಜ ಒಂದು ಬೆರಳು ಇಳಿದಿರುವ ಆ ಮೈಗೆ ಎಷ್ಟು ಕುಪ್ಪಸ ಕತ್ತರಿಸಿದ್ದೇನೆ. ನೀಲವ್ವ ಎರಡು ಹೆಜ್ಜೆ ನಡೆದಳು, ನಿಂತಳು, ದುಪಟಿಯನ್ನು ಕಂಡಿರಬೇಕು, ಆಮೇಲೆ ಬಿದ್ದಳೋ ಎನ್ನುವ ಹಾಗೆ ಓಡಿ ಸಣ್ಣಾಕಿಯನ್ನು ಎದೆಗೆ ಎತ್ತಿಕೊಂಡಳು. ಬಿಳಿ ರೆಕ್ಕೆಗಳು ಅವಳ ಎರಡು ಬದಿಗೂ ಬಿಚ್ಚಿಕೊಂಡವು. ಗಂಡಸೊಬ್ಬ ಬಂದು ಇಬ್ಬರನ್ನೂ ಸೇರಿಸಿ ಹಿಡಿದ.

ದೊಡ್ಡಾಕಿ ನಾಲ್ಕು ಮಾರು ಈಚೆ ನಿಂತಿದ್ದಳು. ರೆಕ್ಕೆ ಮಡಚಿಕೊಂಡು, ಕೈ ಕಟ್ಟಿಕೊಂಡು, ನನ್ನ ಬಾಗಿಲಿಗೆ ಬಂದ ದಿನದ ಹಾಗೆ, ಹೊರಗಿನವಳಾಗಿ. ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಬೆನ್ನು ತಿರುಗಿಸಿ ಹೊಳೆಯ ಕಡೆಗೆ, ನಮ್ಮ ಕಡೆಗೆ, ಮುಖ ಮಾಡಿದಳು.

ನಾನು ಕೇಳಿಕೊಂಡದ್ದು ಅದನ್ನೇ ಅಲ್ಲವೇ? ಹೊಳ್ಳಿ ಬಾ ಅಂದವಳು ನಾನೇ. ಒಂದು ಗಳಿಗೆ, ಒಂದೇ ಗಳಿಗೆ, ನನ್ನ ಜೀವಕ್ಕೆ ಸಂತೋಷವಾಯಿತು. ಅವಳು ಬಸ್ಸಿಗೇ ಎರಡು ದಿನ ಹಿಡಿಯುವ ರಸ್ತೆಯನ್ನು ನಡೆದು, ನಾಕೆ ತಪ್ಪಿಸಿಕೊಂಡು, ಯಾರೂ ಇಲ್ಲದವಳಾಗಿ ನನ್ನ ಬಾಗಿಲಿಗೆ ಬರುವುದು ಕಣ್ಣಿಗೆ ಕಟ್ಟಿತು. ಅವಳ ತಲೆ ಬಾಗಿತ್ತು. ಹನ್ನೊಂದು ವರ್ಷದ ಕೂಸು ಅದು.

"ನೀಲವ್ವಾ!" ಎಂದು ಕೂಗಿದೆ. "ಆಕೀನೂ ತಗೋಳವಾ! ಆಕೀನೂ ನಿಂದ ಅನ್ನು! ನೀಲವ್ವಾ, ಹಿಂದ ನೋಡು!" ಹೊಳೆಯ ಭೋರ್ಗರೆತದಲ್ಲಿ ಆ ಕೂಗು ನನಗೇ ಸರಿಯಾಗಿ ಕೇಳಿ‍ಸಲಿಲ್ಲ. ಗಂಟಲು ಹರಿಯುವ ಹಾಗೆ ಕೂಗಿದೆ. ಕೈ ಬೀಸಿದೆ. ಕೆಳಗಿನಿಂದ ಗುರುಸಿದ್ದಪ್ಪ ಹಗ್ಗ ಜಗ್ಗತೊಡಗಿದ್ದ, ನಾನು ಗಾಳಿಯಲ್ಲಿ ಕಾಲು ಒದ್ದೆ.

ನನ್ನ ಕೂಗು ಮುಟ್ಟಿತೆಂದು ನಾನು ಹೇಳುವುದಿಲ್ಲ, ಅದು ಸಾಧ್ಯವಿಲ್ಲ. ಸಣ್ಣಾಕಿ ಏನೋ ಹೇಳಿರಬೇಕು. ತಾಯಿಯ ಹೆಗಲ ಮೇಲಿನಿಂದ ಅವಳ ಕೈ ಈಚೆಗೆ ಚಾಚಿದ್ದು ಕಾಣಿಸಿತು. ನೀಲವ್ವ ತಿರುಗಿದಳು. ಕೂಸನ್ನು ಒಂದು ತೋಳಿಗೆ ಬದಲಿಸಿಕೊಂಡು ಹತ್ತಿರ ಬಂದಳು. ದೊಡ್ಡಾಕಿ ಒಂದು ಹೆಜ್ಜೆ ಹಿಂದೆ ಸರಿದಳು, ಮುಟ್ಟಗೊಡದವಳು. ನೀಲವ್ವ ನಿಂತಳು. ಏನು ಮಾತಾಡಿದಳೋ ದೇವರಿಗೇ ಗೊತ್ತು. ಆಮೇಲೆ ಅವಳು ಇಟ್ಟಿಗೆಯ ಮಣ್ಣು ಮೆತ್ತಿದ ಇನ್ನೊಂದು ಕೈಯನ್ನು ಹಾಗೇ ಚಾಚಿಕೊಂಡು ಕಾದಳು. ನಾನೂ ಮೇಲೆ ಕಾದೆ. ದೊಡ್ಡಾಕಿ ತಾನಾಗಿ ನಡೆದು ಹೋಗಿ ಆ ಹೆಗಲಿಗೆ ಹಣೆ ಇಟ್ಟಳು, ನೀಲವ್ವ ತನ್ನ ಸೆರಗನ್ನು ಆ ಬೂದಿ ರೆಕ್ಕೆಗಳ ಮೇಲೆ ಹೊದಿಸಿದಳು.

ಕೆಳಗಿಳಿದು, ಕತ್ತರಿಸಿ ಬಿಸಾಕಿದ್ದ ಕಲ್ಲಂಚನ್ನು ನಡುವಿಗೆ ಸುತ್ತಿಕೊಂಡೆ. ಗುರುಸಿದ್ದಪ್ಪ ಹಗ್ಗ ಬಿಚ್ಚುತ್ತ, "ಮುಟ್ಟಿದ್ವೇನು?" ಎಂದು ಕೇಳಿದ.

"ಮುಟ್ಟಿದ್ವು."

"ದೊಡ್ಡಾಕಿ ಹೊಳ್ಳಿ ಬರ್ತಾಳೇನು?"

"ಇಲ್ಲ," ಎಂದೆ. "ಆಕೀನೂ ಮನಿಗೆ ಹೋದ್ಲು."